ಸಂಪಿಗೆ ಮರಕ್ಕೆ ಹತ್ತು ಸೊನ್ನೆ

ನಾನು ವಿಜ್ಞಾನಿಯಾದದ್ದು ಎರಡು ಸಾವಿರದ ಏಳನೇ ಇಸವಿಯ ಜೂನ್ ತಿಂಗಳಲ್ಲಿ, ಒಂದು ಸೋಮವಾರ ಬೆಳಗ್ಗೆ ಹನ್ನೊಂದೂಕಾಲರ ಸುಮಾರಿಗೆ, ನಮ್ಮ ಮ್ಯಾನೇಜರು ಕಾಫಿಗೆ ಹೋಗಿದ್ದಾಗ. ಅದಕ್ಕೆ ಮುಂಚೆ ನಾನು ಬರೀ ಅಮರೇಶ್, ಡಾಟಾ ಎಂಟ್ರಿ ಆಪರೇಟರ್. ಊರೂರ ಆಸ್ಪತ್ರೆಗಳಿಂದ ಬಂದ ವಿಮೆ ಅರ್ಜಿಗಳನ್ನು ನೋಡಿಕೊಂಡು ಕಂಪ್ಯೂಟರಿಗೆ ತುಂಬುವುದು ನನ್ನ ಕಸುಬು. ಯಾರದೋ ಮೂಲವ್ಯಾಧಿ, ಇನ್ಯಾರದೋ ಮೊಣಕಾಲು, ಮತ್ಯಾರದೋ ಪಿತ್ತಕೋಶದ ಕಲ್ಲು, ಹೀಗೆ ದಿನಕ್ಕೆ ನೂರಿಪ್ಪತ್ತು ಜನರ ನೋವನ್ನು ನನ್ನ ಹತ್ತು ಬೆರಳುಗಳು ದಾಟಿಸುತ್ತಿದ್ದವು. (ಹತ್ತು ಎಂದದ್ದು ಗೌರವಕ್ಕೆ. ನಿಜಕ್ಕೂ ಓಡುವುದು ನಾಲ್ಕೇ.) ಇಷ್ಟು ಮಾಹಿತಿ ತುಂಬಿದರೂ ಅದರಲ್ಲಿ ನನ್ನದು ಎನ್ನುವ ಒಂದು ಅಂಕಿಯೂ ಇಲ್ಲವಲ್ಲ ಎಂಬ ಕೊರಗು ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಅಂಥ ಹೊತ್ತಿನಲ್ಲಿ ‘ಮರಮಿತ್ರ’ ಎಂಬ ವೆಬ್‌ಸೈಟ್ ಕಣ್ಣಿಗೆ ಬಿತ್ತು. ಬೆಂಗಳೂರಿನ ಕೆಲವು ಉತ್ಸಾಹಿಗಳು ನಡೆಸುತ್ತಿದ್ದದ್ದು. ನಾಗರಿಕರು ತಮಗೆ ಹತ್ತಿರದ ಒಂದು ಮರವನ್ನು ದತ್ತು ತೆಗೆದುಕೊಳ್ಳಬೇಕು. ಪ್ರತಿ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಸರಿಯಾಗಿ ಅದರ ಬುಡದಲ್ಲಿ ನಿಂತು ಮೊಗ್ಗು, ಹೂವು, ಕಾಯಿ ಎಣಿಸಿ ಎಸ್ಸೆಮ್ಮೆಸ್ ಮಾಡಬೇಕು, ಮೊಬೈಲಿನಲ್ಲಿ ಫೋಟೋ ತೆಗೆದು ವೆಬ್‌ಸೈಟಿಗೆ ಏರಿಸಬೇಕು. ರಾಜ್ಯದ ಮೂಲೆಮೂಲೆಯಿಂದ ಬಂದ ಈ ಅಂಕಿಗಳನ್ನು ಕೂಡಿಸಿ, ಋತುಗಳು ಹೇಗೆ ದಾರಿ ತಪ್ಪುತ್ತಿವೆ ಎಂಬುದನ್ನು ವಿಜ್ಞಾನಿಗಳು ಕಂಡುಹಿಡಿಯುತ್ತಾರೆ. ಮ್ಯಾನೇಜರು ಕಾಫಿ ಮುಗಿಸಿ ಬರುವಷ್ಟರಲ್ಲಿ ನಾನು ವೀಕ್ಷಕನಾಗಿದ್ದೆ. ನನ್ನ ಮರಕ್ಕೆ ನಾನೂರ ಹದಿನೇಳು ಎಂಬ ಸಂಖ್ಯೆಯೂ ಬಂದಿತ್ತು.

ಮರ ಎಂದರೆ ನಮ್ಮ ಮನೆಯ ತಲೆಯ ಮೇಲಿನ ಸಂಪಿಗೆ ಮರ. ನಾವಿರುವುದು ಮೈಸೂರಿನ ಯಾದವಗಿರಿಯಲ್ಲಿ. ಹಾಗೆಂದಕೂಡಲೇ ದೊಡ್ಡ ಬಂಗಲೆಯನ್ನು ಊಹಿಸಿಕೊಳ್ಳಬೇಡಿ. ಬಂಗಲೆ ಇದೆ, ಅದರಲ್ಲಿ ಕೃಷ್ಣಸ್ವಾಮಿಗಳು ಮತ್ತು ಅವರ ಧರ್ಮಪತ್ನಿ ಸುಂದರಮ್ಮನವರು ಇದ್ದಾರೆ. ಅದರ ಹಿಂದೆ, ಹಿಂದಿನ ಕಾಲದಲ್ಲಿ ಸೌದೆ ತುಂಬುತ್ತಿದ್ದ ಔಟ್‌ಹೌಸಿನಲ್ಲಿ ನಾನು ಮತ್ತು ನನ್ನ ಹೆಂಡತಿ ಅಕ್ಷತಾ ಎರಡು ವರ್ಷದಿಂದ ಇದ್ದೇವೆ. ಮರದ ತುದಿ ಕರೆಂಟಿನ ತಂತಿಗೆ ತಾಗುತ್ತದೆಂದು ವರ್ಷಕ್ಕೊಮ್ಮೆ ಕತ್ತರಿಸುತ್ತಿದ್ದರಿಂದ, ಅದು ಮೇಲೆ ಹೋಗುವ ಆಸೆ ಬಿಟ್ಟು ಅಡ್ಡಡ್ಡ ಬೆಳೆದು ನಮ್ಮ ಮಾಳಿಗೆಯ ಮೇಲೆ ಕೊಂಬೆ ಚಾಚಿಕೊಂಡಿತ್ತು.

ಕೃಷ್ಣಸ್ವಾಮಿಗಳು ಸರ್ಕಾರದ ಅಂಕಿ-ಅಂಶದ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಅವರೆದುರು ‘ಮದುವೆಗೆ ತುಂಬಾ ಜನ ಬಂದಿದ್ದರು’ ಎಂದು ಹೇಳುವಂತಿಲ್ಲ, ಎಷ್ಟು ಎಂದು ಹೇಳಬೇಕು. ಮನೆ ಕೊಡುವಾಗ ಅವರು ಹಾಕಿದ್ದು ಒಂದೇ ಷರತ್ತು. ಆ ಸಂಪಿಗೆಯನ್ನು ಅವರ ತಂದೆಯವರು ನೆಟ್ಟದ್ದು. ಹೂವು ಮರದ ಮೇಲೇ ಇರಬೇಕೆಂದು ಆ ಹಿರಿಯರ ಇಚ್ಛೆಯಾಗಿತ್ತು. ಆದ್ದರಿಂದ ಯಾರೂ ಒಂದು ಹೂವನ್ನೂ ಕೀಳಕೂಡದು, ಸುಂದರಮ್ಮನವರು ಕೂಡ. ದುರದೃಷ್ಟವೆಂದರೆ ನಾವು ಬಂದ ವರ್ಷದಿಂದಲೇ ಆ ಮರ ಹೂಬಿಡುವುದನ್ನು ನಿಲ್ಲಿಸಿತ್ತು. ಕೃಷ್ಣಸ್ವಾಮಿಗಳು ಏಳು ಗಂಟೆಗೆ ಎದ್ದು, ಕನ್ನಡಕ ಏರಿಸಿ, ಮರವನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟು ಚಿಟಿಕೆ ನಶ್ಯ ಏರಿಸುತ್ತಿದ್ದರು. (ನಲವತ್ತು ವರ್ಷದ ನಶ್ಯದಿಂದಾಗಿ ಅವರ ಮೂಗು ಮುಖದ ಅಲಂಕಾರಕ್ಕೆ ಮಾತ್ರ ಉಳಿದಿತ್ತು. ವಾಸನೆಯ ವಿಭಾಗ ಮುಚ್ಚಿ ಬಹಳ ದಿನವಾಗಿತ್ತು.)

ಮರವನ್ನು ದತ್ತು ತೆಗೆದುಕೊಂಡ ಸುದ್ದಿಯನ್ನು ಆ ಸಂಜೆಯೇ ಅಕ್ಷತಾಗೆ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

“ದತ್ತು ತಗೊಂಡ್ರಾ? ಸಾಕೋದು ಯಾರು?”

ಸಾಕುವ ಮಾತಲ್ಲ, ಎಣಿಸುವ ಮಾತು, ವಾರವಾರ ಹೂವು ಎಣಿಸಿ ವಿಜ್ಞಾನಕ್ಕೆ ಒಪ್ಪಿಸುತ್ತೇನೆ ಎಂದೆ. ಸೌಟು ಕೈತಪ್ಪಿ ಬಾಣಲೆಗೆ ಬಿತ್ತು.

“ಎಷ್ಟು ಗಂಟೆಗೆ ಎಣಿಸ್ತೀರಿ?”

“ಎಂಟಕ್ಕೆ. ಅದು ನಿಯಮ.”

“ಎಂಟಕ್ಕಾ,” ಎಂದು ಉಸಿರು ಬಿಟ್ಟು ಅವಳು ಸೌಟನ್ನು ಎತ್ತಿಕೊಂಡಳು. “ಎಂಟಕ್ಕಾದ್ರೆ ಎಣಿಸಿ, ಪಾಪ. ಭಾನುವಾರ ಆದ್ರೂ ಒಂದು ಕೆಲಸ ಅಂತ ಇರಲಿ.”

ಈ ಮಾತುಕತೆಯನ್ನು ಕೇಳಿದ ಯಾವ ಬುದ್ಧಿವಂತನಿಗಾದರೂ ಏನಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು, ನನ್ನ ಹೆಂಡತಿಗೂ ವಿಜ್ಞಾನದಲ್ಲಿ ಆಸಕ್ತಿ ಹುಟ್ಟುತ್ತಿದೆ ಎಂದು.

ಭಾನುವಾರ ಬಂತು. ಸ್ನಾನ ಮಾಡಿ, ಇಸ್ತ್ರಿ ಶರಟು ತೊಟ್ಟು, ಭಾವಮೈದ ಹಳೆಯದಾಯಿತೆಂದು ಕೊಟ್ಟಿದ್ದ ಕ್ಯಾಮೆರಾ ಫೋನು ಹಿಡಿದು ಎಂಟಕ್ಕೆ ಸರಿಯಾಗಿ ಮರದ ಬುಡದಲ್ಲಿ ನಿಂತೆ. ಕತ್ತು ನೋಯುವವರೆಗೆ ನೋಡಿದೆ. ಮೊಗ್ಗು ಸೊನ್ನೆ, ಹೂವು ಸೊನ್ನೆ, ಕಾಯಿ ಸೊನ್ನೆ. ಹಾಗೇ ಎಸ್ಸೆಮ್ಮೆಸ್ ಮಾಡಿದೆ. ಮುಂದಿನ ವಾರವೂ ಸೊನ್ನೆ. ಅದರ ಮುಂದಿನ ವಾರವೂ. ಬೇರೆಯವರಾಗಿದ್ದರೆ ಒಂದೆರಡು ಹೂವು ಸೇರಿಸಿ ಬರೆಯುತ್ತಿದ್ದರೇನೋ. ನಾನು ಬರೆಯಲಿಲ್ಲ. ಮರಮಿತ್ರದ ಸಂಯೋಜಕಿ ಅನನ್ಯ ಎಂಬ ಹುಡುಗಿ ಬೆಂಗಳೂರಿನಿಂದ ಇ-ಮೇಲ್ ಕಳಿಸಿ, ಸೊನ್ನೆಯೂ ಅಮೂಲ್ಯವಾದ ಮಾಹಿತಿ, ನಿಮ್ಮಷ್ಟು ನಿಷ್ಠೆಯಿಂದ ಸೊನ್ನೆ ಕಳಿಸುವವರು ಇನ್ನೊಬ್ಬರಿಲ್ಲ ಎಂದು ಹೊಗಳಿದಳು. ಸೊನ್ನೆ ತಂದದ್ದಕ್ಕೆ ಹೊಗಳಿಕೆ ಸಿಕ್ಕಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನಮ್ಮ ಗಣಿತದ ಮೇಷ್ಟರು ಬದುಕಿದ್ದರೆ ಪ್ರಿಂಟ್ ತೆಗೆದು ತೋರಿಸುತ್ತಿದ್ದೆ.

ಇದೆಲ್ಲ ನಡೆಯುವಾಗ ಮನೆಯೊಳಗೆ ನಮ್ಮ ಇಷ್ಟಲಿಂಗಕ್ಕೂ, ಗೋಡೆಯ ಮೇಲಿನ ದೇವರುಗಳಿಗೂ, ಅಕ್ಷತಾಳ ಜಡೆಗೂ ದಿನಾ ಸಂಪಿಗೆ ಏರುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಎಂದು ನಾನೇಕೆ ಕೇಳಲಿಲ್ಲ ಎಂದು ನೀವು ಕೇಳಬಹುದು. ನೀವು ಮದುವೆಯಾಗಿಲ್ಲವೆಂದು ಕಾಣುತ್ತದೆ. ಮನೆಗೆ ಬಂದ ಹೂವು ಎಲ್ಲಿಯದೆಂದು ಗಂಡ ಕೇಳಿದರೆ, ನೀವಂತೂ ತಂದಿಲ್ಲವಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೂವಿನ ಮಂಗಳಮ್ಮ ತಂದುಕೊಡುತ್ತಾಳೆ ಎಂದುಕೊಂಡು ನಾನು ಸುಮ್ಮನಿದ್ದೆ.

ಹತ್ತನೇ ಸೊನ್ನೆ ಆದಮೇಲೆ ನನಗೆ ಸ್ವಲ್ಪ ತಲೆ ತಿರುಗಿತು. ಹತ್ತು ವಾರಗಳ ಮಾಹಿತಿಯನ್ನು ಗ್ರಾಫ್ ಮಾಡಿ, ಆಫೀಸಿನ ಪ್ರಿಂಟರಿನಲ್ಲಿ ಬಣ್ಣದಲ್ಲಿ ಅಚ್ಚು ತೆಗೆದು, ಕೃಷ್ಣಸ್ವಾಮಿಗಳಿಗೆ ಒಯ್ದು ಕೊಟ್ಟೆ. ಗ್ರಾಫ್ ಎಂದರೆ ಒಂದು ಕೆಂಪು ಗೆರೆ, ಎಡದಿಂದ ಬಲಕ್ಕೆ ನೆಲಕಚ್ಚಿ ಮಲಗಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿ, ಹೀಗೆ ಕ್ರಮವಾಗಿ ಕೆಲಸ ಮಾಡುವವರು ತಮ್ಮ ಇಲಾಖೆಯಲ್ಲೂ ಇರಲಿಲ್ಲವೆಂದು ಬೆನ್ನು ತಟ್ಟಿದರು. ಆ ಬೆನ್ನನ್ನು ಹೊತ್ತುಕೊಂಡು ನಾಲ್ಕು ದಿನ ಮೆರೆದೆ.

ಐದನೆಯ ದಿನ, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಸಂಜೆ ಬಂಗಲೆಯಲ್ಲಿ ಅರಿಸಿನ ಕುಂಕುಮಕ್ಕೆ ಅಕ್ಷತಾ ಒಳಗೆ ಹೋದಳು, ನಾನು ವರಾಂಡದಲ್ಲಿ ಕೂತೆ. ಕೃಷ್ಣಸ್ವಾಮಿಗಳು ಗ್ರಾಫನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

“ಅಮರೇಶ್, ಹತ್ತು ವಾರ, ಹತ್ತು ಸೊನ್ನೆ. ಸರಾಸರಿ ಎಷ್ಟು?”

“ಸೊನ್ನೆ ಸಾರ್.”

“ಅಲ್ವೇ. ಇಷ್ಟು ದಿನ ಕಡಿಸೋಕೆ ಮನಸ್ಸು ಬರ್ತಿರಲಿಲ್ಲ ಕಣಯ್ಯ, ತಂದೆಯವರು ನೆಟ್ಟದ್ದು. ಇವತ್ತು ಹೂ ಬಿಡತ್ತೆ, ನಾಳೆ ಬಿಡತ್ತೆ ಅಂತ ಕಾಯ್ತಿದ್ದೆ. ನೀನು ಕಣ್ಣು ತೆರೆಸಿದೆ. ಭಾನುವಾರ ಎಂಟು ಗಂಟೆಗೆ ಜವರಪ್ಪನಿಗೆ ಬರೋಕೆ ಹೇಳಿದ್ದೀನಿ. ಆ ಜಾಗದಲ್ಲಿ ಕಾರಿಗೊಂದು ಶೆಡ್ ಹಾಕಿಸ್ತೀನಿ.”

ಜವರಪ್ಪ ಎಂದರೆ ಆ ಭಾಗದಲ್ಲೆಲ್ಲ ಮರ ಕಡಿಯುವವನು. ನನಗೆ ಕಸಿವಿಸಿಯಾಯಿತು, ನಿಜ. ಆದರೆ ನನ್ನ ಅಂಕಿಯನ್ನು ಆಧಾರವಾಗಿಟ್ಟುಕೊಂಡು ಒಬ್ಬ ದೊಡ್ಡ ಮನುಷ್ಯ ನಿರ್ಧಾರ ತೆಗೆದುಕೊಂಡರಲ್ಲ ಎಂಬ ಹೆಮ್ಮೆಯೂ ಆಗದಿರಲಿಲ್ಲ. ಆ ಹೆಮ್ಮೆಯಲ್ಲೇ ಮನೆಗೆ ಬಂದು ಅಕ್ಷತಾಗೆ ಸುದ್ದಿ ಹೇಳಿದೆ. ಅವಳು ಕೈಯಲ್ಲಿದ್ದ ತಾಂಬೂಲವನ್ನು ಕೆಳಗಿಟ್ಟು, ನನ್ನನ್ನು ಎಳೆದುಕೊಂಡು ಹೋಗಿ ದೇವರ ಮುಂದೆ ನಿಲ್ಲಿಸಿದಳು.

“ಇದು ಯಾವ ಹೂವು?”

“ಸಂಪಿಗೆ.”

“ಎಲ್ಲೀದು?”

“ಮಂಗಳಮ್ಮ ತಂದದ್ದು.”

“ಮಂಗಳಮ್ಮ ಈ ಬೀದಿಗೆ ಬರೋದು ಬಿಟ್ಟು ಎರಡು ವರ್ಷ ಆಯ್ತು ಕಣ್ರೀ.”

ನನ್ನ ವೈಜ್ಞಾನಿಕ ಮನಸ್ಸು ಆಗ ಕೆಲಸ ಶುರುಮಾಡಿತು. ಅದು ಒಂದು ತೀರ್ಮಾನಕ್ಕೆ ಬರುವ ಮೊದಲೇ ಅಕ್ಷತಾ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟಳು. ಮರ ದಿನಕ್ಕೆ ಐವತ್ತು ಅರವತ್ತು ಹೂವು ಬಿಡುತ್ತದೆ. ಐದೂಕಾಲಕ್ಕೆ ಮಾಳಿಗೆ ಹತ್ತಿ ಕೈಗೆ ಸಿಕ್ಕುವುದನ್ನು ಕೈಯಿಂದ, ಸಿಕ್ಕದ್ದನ್ನು ದೋಟಿಯಿಂದ ಅವಳು ಬಿಡಿಸಿಕೊಳ್ಳುತ್ತಾಳೆ. ಆರು ಗಂಟೆಯ ಹೊತ್ತಿಗೆ ಮರ ಬೋಳು. ಉಳಿದ ಹಸಿರು ಮೊಗ್ಗುಗಳು ಎಲೆಯ ಮರೆಯಲ್ಲಿ, ಕೆಳಗಿನಿಂದ ಕಾಣುವುದಿಲ್ಲ. ಅದರಲ್ಲಿ ಅರ್ಧ ನಮಗೆ, ಇನ್ನರ್ಧ ಹಿಂದಿನ ಗೋಡೆಯ ಮೇಲಿಂದ ಬುಟ್ಟಿಯಲ್ಲಿ ಸುಂದರಮ್ಮನವರಿಗೆ. ಕೃಷ್ಣಸ್ವಾಮಿಗಳ ಲೆಕ್ಕದಲ್ಲಿ ಅದು ಮಾರ್ಕೆಟ್ಟಿನ ಹೂವು.

“ಸುಂದರಮ್ಮನೋರಿಗಾ?”

“ಅವರದೇ ಮರ, ಅವರದೇ ದೇವರು, ಕೀಳೋ ಹಾಗಿಲ್ಲ ಅಂದ್ರೆ ಆ ತಾಯಿ ಏನು ಮಾಡ್ಬೇಕು ಹೇಳಿ. ನಾವು ಮನೆ ನೋಡೋಕೆ ಬಂದ ದಿನವೇ ನನ್ನ ಕಿವೀಲಿ ಕೇಳಿದ್ರು, ಮಾಳಿಗೆ ಹತ್ತೋಕೆ ಬರತ್ತೇನಮ್ಮ ಅಂತ.”

ಎರಡು ವರ್ಷದಿಂದ ನನ್ನ ತಲೆಯ ಮೇಲೆ, ಅಕ್ಷರಶಃ ತಲೆಯ ಮೇಲೆ, ನಡೆಯುತ್ತಿದ್ದ ಈ ವ್ಯವಹಾರವನ್ನು ನನಗೇಕೆ ಹೇಳಲಿಲ್ಲವೆಂದು ಕೇಳಿದೆ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ, ಕೃಷ್ಣಸ್ವಾಮಿಗಳು ಒಂದೇ ಪ್ರಶ್ನೆಗೆ ಹಿಡಿದುಬಿಡುತ್ತಾರೆ ಎಂದಳು. ವಿಷಯ ಬಯಲಾದರೆ ನಮ್ಮ ಮನೆಯೂ ಹೋಗುತ್ತದೆ, ಆ ವಯಸ್ಸಾದ ದಂಪತಿಗಳ ನೆಮ್ಮದಿಯೂ ಹೋಗುತ್ತದೆ. ಹಾಗೆಂದು ಸುಮ್ಮನಿದ್ದರೆ ಮರ ಹೋಗುತ್ತದೆ.

“ನೋಡಿ,” ಎಂದು ಅವಳು ನೆಲದ ಮೇಲೆ ಕೂತಳು. ಈ ಸಲ ದನಿಯಲ್ಲಿ ಜಗಳವಿರಲಿಲ್ಲ. “ಈ ಮನೇಲಿ ಕಿಟಕಿ ತೆಗೆದ್ರೆ ಅವರ ಬಚ್ಚಲ ಗೋಡೆ. ಬಾಗಿಲು ತೆಗೆದ್ರೆ ಬಟ್ಟೆ ಒಗೆಯೋ ಕಲ್ಲು. ನೀವು ಹೋದಮೇಲೆ ಸಂಜೆವರೆಗೂ ನನಗೆ ಅಂತ ಇರೋದು ಆ ಮಾಳಿಗೆ, ಆ ಮರ, ಅಷ್ಟೇ. ಭಾನುವಾರ ಅದು ಬಿದ್ರೆ ಸೋಮವಾರ ನಾನು ನಂಜನಗೂಡಿಗೆ ಹೋಗ್ತೀನಿ.”

ನಂಜನಗೂಡು ಅವಳ ತವರು. ಮೈಸೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹೋಗುವುದಕ್ಕೆ. ಬರುವುದಕ್ಕೆ ಎಷ್ಟಾಗುತ್ತದೆ ಎಂಬುದರ ಬಗ್ಗೆ ನನ್ನಲ್ಲಿ ಮಾಹಿತಿ ಇರಲಿಲ್ಲ, ಸಂಗ್ರಹಿಸುವ ಇಚ್ಛೆಯೂ ಇರಲಿಲ್ಲ.

ಒಂದೆರಡು ದಿನ ಕೀಳುವುದನ್ನು ನಿಲ್ಲಿಸಿದರೆ ಮರ ತಾನಾಗಿಯೇ ಸಾಕ್ಷಿ ಹೇಳುತ್ತದಲ್ಲ ಎಂದೆ. ಅಕ್ಷತಾ ತಲೆಯಾಡಿಸಿದಳು. ಹಬ್ಬಕ್ಕೆಂದು ಆ ದಿನ ಬೆಳಗ್ಗೆ ಹೂವಿನ ಜೊತೆಗೆ ಬಲಿತ ಮೊಗ್ಗುಗಳನ್ನೂ ಬಿಡಿಸಿ, ನೀರಿನಲ್ಲಿಟ್ಟು ಅರಳಿಸಿ, ಎರಡೂ ಮನೆಯ ಲಕ್ಷ್ಮಿಗೆ ಏರಿಸಿಬಿಟ್ಟಿದ್ದರು. ಇನ್ನು ಐದು ದಿನ ಮರದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನನ್ನ ಹನ್ನೊಂದನೇ ಸೊನ್ನೆ ಮಾತ್ರ ಅಪ್ಪಟ ಸತ್ಯವಾಗಲಿತ್ತು.

ಆಗ ನನಗೊಂದು ಮಹದಾಲೋಚನೆ ಬಂತು. ಮರ ಹೂಬಿಡದಿದ್ದರೆ ನಾವೇ ಬಿಡಿಸಬೇಕು.

ಶನಿವಾರ ಆಫೀಸು ಬಿಟ್ಟವನೇ ದೇವರಾಜ ಮಾರ್ಕೆಟ್ಟಿಗೆ ಹೋದೆ. ಎರಡು ವರ್ಷ ನನ್ನ ಮನೆಗೆ ಹೂವು ತಂದುಕೊಡುತ್ತಿದ್ದಾಳೆಂದು ನಾನು ನಂಬಿದ್ದ ಮಂಗಳಮ್ಮ ಅಲ್ಲೇ ಕೂತಿದ್ದಳು. ಎಪ್ಪತ್ತು ಸಂಪಿಗೆ ಬೇಕು, ಪೋಣಿಸಿದ್ದಲ್ಲ, ಬಿಡಿ, ಉದ್ದ ತೊಟ್ಟಿನವು ಎಂದೆ. ಯಾವ ದೇವರಿಗೆ ಸಾಮಿ ಎಂದು ಕೇಳಿದಳು. ಮರಕ್ಕೆ ಎಂದುಬಿಟ್ಟೆ. ಅವಳು ಇನ್ನೊಂದು ಮಾತಾಡದೆ ಎಣಿಸಿ ಕೊಟ್ಟಳು. ಇಂಥವರ ಜೊತೆ ಜಾಸ್ತಿ ಮಾತು ಬೇಡವೆಂದುಕೊಂಡಿರಬೇಕು.

ಭಾನುವಾರ ಐದೂವರೆಗೆ ಪಂಚೆ ಎತ್ತಿ ಕಟ್ಟಿ ಮಾಳಿಗೆ ಹತ್ತಿದೆ. ಸೊಂಟಕ್ಕೆ ಹೂವಿನ ಚೀಲ, ಹಲ್ಲಿನಲ್ಲಿ ಹಸಿರು ದಾರ. ಅಕ್ಷತಾ ಕೆಳಗೆ ನಿಂತು, ಫೋನು ಹಿಡಿದು, ಎಲ್ಲಿ ಖಾಲಿ ಕಾಣುತ್ತಿದೆ, ಎಲ್ಲಿ ಒತ್ತೊತ್ತಾಗಿದೆ ಎಂದು ನಿರ್ದೇಶನ ಕೊಡುತ್ತಿದ್ದಳು. ಏಳಕ್ಕೆ ಮುಗಿಸಬೇಕು, ಅವಳು ಫೋಟೋ ತೆಗೆಯಬೇಕು, ಕೃಷ್ಣಸ್ವಾಮಿಗಳು ಏಳಕ್ಕೆ ಎದ್ದು ನೋಡಿದಾಗ ಮರ ತುಂಬಿ ನಿಂತಿರಬೇಕು, ಇದು ಯೋಜನೆ. ಹೂವನ್ನು ಮರದಿಂದ ಕೀಳುವುದು ಅರೆಕ್ಷಣದ ಕೆಲಸ. ಮರಕ್ಕೆ ಕಟ್ಟಿ ನೋಡಿ, ಸೃಷ್ಟಿಕರ್ತನ ಕಷ್ಟ ಅರ್ಥವಾಗುತ್ತದೆ. ಒಂದು ಗಂಟು ಬಿಗಿಯಾದರೆ ತೊಟ್ಟು ಮುರಿಯುತ್ತದೆ, ಸಡಿಲವಾದರೆ ಹೂವು ತಲೆಕೆಳಗಾಗುತ್ತದೆ. ಆರು ಗಂಟೆಗೆ ನಲವತ್ತೆರಡು ಹೂವು ಬಿಟ್ಟಿದ್ದೆ.

ಆಗ ಗೇಟಿನ ಸದ್ದಾಯಿತು. ಎಂಟಕ್ಕೆ ಬರಬೇಕಾಗಿದ್ದ ಜವರಪ್ಪ, ಬಿಸಿಲೇರುವ ಮುಂಚೆ ಕೆಲಸ ಮುಗಿಸೋಣವೆಂದು ಆರಕ್ಕೇ ಕೊಡಲಿ ಹೆಗಲಿಗೇರಿಸಿ ಬಂದು ಬೆಲ್ ಒತ್ತಿದ್ದ. ನಾನು ಇಳಿಯುವಷ್ಟರಲ್ಲಿ ಕೃಷ್ಣಸ್ವಾಮಿಗಳು ಕನ್ನಡಕ ಸರಿಪಡಿಸಿಕೊಳ್ಳುತ್ತ ಮರದ ಬುಡಕ್ಕೆ ಬಂದಿದ್ದರು. ಹಿಂದೆ ಸುಂದರಮ್ಮನವರು. ನಾನು ಕೊಂಬೆ ಹಿಡಿದು, ನಲವತ್ತಮೂರನೇ ಹೂವಿನ ಮೇಲೆ ಕೈಯಿಟ್ಟು ನಿಂತಿದ್ದೆ.

“ಏನಯ್ಯಾ ಅದು, ಕೈಲಿ?”

“ಸಂಪಿಗೆ ಸಾರ್.”

“ಕೀಳ್ತಾ ಇದ್ದೀಯಾ?”

“ಇಲ್ಲ ಸಾರ್,” ಎಂದೆ, ದಾರವನ್ನು ಉಗುಳಿ. “ಕಟ್ತಾ ಇದ್ದೀನಿ.”

ಅವರು ಸಾವಧಾನವಾಗಿ ಒಂದು ಚಿಟಿಕೆ ನಶ್ಯ ಏರಿಸಿದರು.

“ಅರವತ್ತೆಂಟು ವರ್ಷದಲ್ಲಿ ಹೂವು ಕೀಳೋರನ್ನ ಸಾವಿರಾರು ಜನ ನೋಡಿದ್ದೀನಿ. ಮರಕ್ಕೆ ಹೂವು ಕಟ್ಟೋನನ್ನ ಒಬ್ಬನ್ನೂ ನೋಡಿಲ್ಲ. ಸ್ಯಾಂಪಲ್ಲೇ ಇಲ್ಲವಲ್ಲಯ್ಯ ಇದಕ್ಕೆ.”

ನಾನು ಅಕ್ಷತಾಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಆ ಒಂದು ನೋಟದಲ್ಲಿ ನನಗೆ ಎಲ್ಲವೂ ಹೊಳೆಯಿತು: ಕಳ್ಳನಿದ್ದರೆ ಹೂವಿರಲೇಬೇಕು, ಹೂವಿದ್ದರೆ ಮರ ಉಳಿಯುತ್ತದೆ. ಬೇಕಾಗಿದ್ದದ್ದು ಒಬ್ಬ ಕಳ್ಳ ಮಾತ್ರ.

“ತಪ್ಪಾಯ್ತು ಸಾರ್,” ಎಂದೆ. “ಕೀಳ್ತಾ ಇದ್ದೆ. ಎರಡು ವರ್ಷದಿಂದ.”

ಸುಳ್ಳು ಹೇಳಿದ್ದರಿಂದ ಕಿವಿ ಕೆಂಪಾಯಿತು. ಅದು ಪಶ್ಚಾತ್ತಾಪದ ಕೆಂಪೆಂದು ಅವರು ತಿಳಿದರು. ಅಲ್ಲೇ ನಿಂತು ಮನಸ್ಸಿನಲ್ಲೇ ಗುಣಾಕಾರ ಮಾಡಿ, ದಿನಕ್ಕೆ ಐವತ್ತರಂತೆ, ವರ್ಷಕ್ಕೆ ಆರೇ ತಿಂಗಳು ಸೀಸನ್ನು ಎಂದು ಹಿಡಿದರೂ ಹದಿನೆಂಟು ಸಾವಿರದ ಇನ್ನೂರೈವತ್ತು ಹೂವು ಕದ್ದಿದ್ದೇನೆಂದು ಘೋಷಿಸಿದರು. ಕದ್ದದ್ದೂ ಅಲ್ಲದೆ ಅದರ ಮೇಲೆ ಸೊನ್ನೆಯ ಗ್ರಾಫ್ ಬೇರೆ ಮಾಡಿ, ಬಣ್ಣದಲ್ಲಿ ಪ್ರಿಂಟು ಹಾಕಿ ತಮ್ಮ ಕೈಗೇ ಕೊಟ್ಟ ಧೈರ್ಯಕ್ಕೆ ಅವರು ಇನ್ನೊಂದು ಚಿಟಿಕೆ ನಶ್ಯ ಏರಿಸಿದರು.

ಇಷ್ಟರಲ್ಲಿ ನನ್ನ ಹೆಂಡತಿ ಬಾಯಿಬಿಟ್ಟಳು. ಸುಮ್ಮನಿದ್ದರೆ ಸಾಕೆಂದು ನಾನು ಬೇಡಿಕೊಳ್ಳುತ್ತಿದ್ದೆ.

“ನಾನೂ ಬೇಡ ಬೇಡ ಅಂತ ಹೇಳ್ತಾನೇ ಇದ್ದೆ ಸಾರ್. ನನ್ನ ಮಾತು ಎಲ್ಲಿ ಕೇಳ್ತಾರೆ.”

“ನೋಡೋಕೆ ಎಷ್ಟು ಸಾಧು ಥರ ಇದ್ದಾನೆ,” ಎಂದರು ಸುಂದರಮ್ಮನವರು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು. ಅದು ದುಃಖಕ್ಕಲ್ಲ ಎಂದು ಮೇಲಿನಿಂದ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಸಾಕ್ಷಿಗೊಂದು ಫೋಟೋ ತೆಗೆಯಮ್ಮ ಎಂದು ಕೃಷ್ಣಸ್ವಾಮಿಗಳು ಆಜ್ಞಾಪಿಸಿದರು. ಅಕ್ಷತಾ ತೆಗೆದಳು. ಸ್ವಲ್ಪ ಈ ಕಡೆ ತಿರುಗಿ ಎಂದೂ ಹೇಳಿದಳು.

ಜವರಪ್ಪ ಇಷ್ಟು ಹೊತ್ತೂ ಮರವನ್ನೇ ನೋಡುತ್ತಿದ್ದ. ಕೊಡಲಿಯನ್ನು ಮತ್ತೆ ಹೆಗಲಿಗೇರಿಸಿ, “ಹೂವ ಬುಡೋ ಮರಕ್ಕೆ ನಾ ಕೊ‌ಡ್ಲಿ ಹಾಕಾಕಿಲ್ಲ ಬುದ್ದಿ,” ಎಂದ. ಕೃಷ್ಣಸ್ವಾಮಿಗಳೂ ಯಾರು ಹಾಕು ಎಂದರು ಎಂಬಂತೆ ಕೈ ಆಡಿಸಿದರು. ಅವರ ಕಣ್ಣು ತಂದೆಯ ಮರದ ಮೇಲಿತ್ತು, ತುಂಬಿಬಂದಿತ್ತು. ಜವರಪ್ಪ ಹೊರಡುವಾಗ, ಕೆಳಗಿಳಿದು ತಲೆತಗ್ಗಿಸಿ ನಿಂತಿದ್ದ ನನ್ನ ಪಕ್ಕದಲ್ಲೇ ಹಾದು, ನನಗೆ ಮಾತ್ರ ಕೇಳುವಂತೆ ಹೇಳಿದ:

“ಆ ಎಡಗಡೆ ಕೊಂಬೇಲಿ ಮೂರು ಹೂವಿನ ಗಂಟು ಸಡ್ಲ ಆಗವೆ ಸೋಮಿ. ಬಿದ್ದೋದಾವು, ನೋಡ್ಕಳಿ.”

ಮನೆ ಬಿಡಿಸುವ ಮಾತು ಬಂದಾಗ ಸುಂದರಮ್ಮನವರು ಅಡ್ಡ ಬಂದರು. ಗಂಡ ಮಾಡಿದ ತಪ್ಪಿಗೆ ಆ ಹೆಣ್ಣುಮಗಳೇನು ಮಾಡಿಯಾಳು ಎಂದು ವಾದಿಸಿ, ಒಂದು ರಾಜಿಸೂತ್ರ ಮುಂದಿಟ್ಟರು. ಹೇಗೂ ಎರಡು ವರ್ಷ ಕಿತ್ತರೂ ಮರಕ್ಕೇನೂ ಆಗಿಲ್ಲ. ಮಾವನವರ ಮರದ ಹೂವು ಮಾವನವರ ದೇವರಿಗೇ ಸೇರಿದರೆ ಅವರ ಆತ್ಮಕ್ಕೆ ಸಂತೋಷವೇ. ಆದ್ದರಿಂದ ದಿನಕ್ಕೆ ಅರ್ಧ ಹೂವನ್ನು ಮರದ ಮೇಲೆ ಬಿಟ್ಟು, ಅರ್ಧವನ್ನು ಎರಡು ಮನೆಯ ಪೂಜೆಗೆ ನಂಬಿಕಸ್ಥರೊಬ್ಬರು ಬಿಡಿಸಲಿ. ನಂಬಿಕಸ್ಥರು ಯಾರೆಂದು ಕೃಷ್ಣಸ್ವಾಮಿಗಳು ಯೋಚಿಸಿ, ಅಕ್ಷತಾಳನ್ನೇ ನೇಮಿಸಿದರು. ಮೇಲ್ವಿಚಾರಣೆ ಸುಂದರಮ್ಮನವರದು. ನಾನು ಮಾತ್ರ ಮಾಳಿಗೆಯ ಕಡೆ ತಲೆ ಹಾಕಕೂಡದು. ಅಂದಿನಿಂದ ಅಕ್ಷತಾ ಐದೂಕಾಲಕ್ಕೆ ಕದ್ದು ಏಳುವುದನ್ನು ಬಿಟ್ಟು ಏಳು ಗಂಟೆಗೆ ರಾಜಾರೋಷವಾಗಿ ಹತ್ತುತ್ತಾಳೆ. ನನ್ನ ಒದ್ದೆ ಪಂಚೆಯನ್ನು ಒಣಹಾಕುವುದಕ್ಕೂ ಅವಳನ್ನೇ ಕೇಳಬೇಕು.

ಮರಮಿತ್ರಕ್ಕೆ ಕೃಷ್ಣಸ್ವಾಮಿಗಳು ತಾವೇ ಬರೆದರು. ಮುಂದಿನ ಭಾನುವಾರ ಕಳೆದಮೇಲೆ ಅನನ್ಯಳ ಇ-ಮೇಲ್ ನನಗೆ ಬಂತು. ನಿಮ್ಮ ಹತ್ತು ವಾರದ ಮಾಹಿತಿಯನ್ನು ವಿಷಾದದಿಂದ ರದ್ದು ಮಾಡಲಾಗಿದೆ; ನಾನೂರ ಹದಿನೇಳನೇ ಮರದ ಹೊಸ ವೀಕ್ಷಕರು ಶ್ರೀ ಕೃಷ್ಣಸ್ವಾಮಿಗಳು; ಅವರ ವರದಿಯ ಗುಣಮಟ್ಟ ನೋಡಿ ನಮ್ಮ ತಂಡ ಬೆರಗಾಗಿದೆ; ನೀವೂ ಒಮ್ಮೆ ನೋಡಿ ಕಲಿಯಬಹುದು.

ಮ್ಯಾನೇಜರು ಕಾಫಿಗೆ ಹೋದಾಗ ತೆರೆದು ನೋಡಿದೆ. ಮೊಗ್ಗು ಎಪ್ಪತ್ತೊಂದು, ಹೂವು ಐವತ್ತನಾಲ್ಕು, ಕಾಯಿ ಆರು. ಕೆಳಗೆ ‘ಹೂವಿಗೆ ಹಾನಿ ಮಾಡುವ ಜೀವಿ’ ಎಂಬ ಕಾಲಂ. ಅಳಿಲು, ಕೋತಿ, ಕಂಬಳಿಹುಳು ಎಲ್ಲವನ್ನೂ ಬಿಟ್ಟು ‘ಇತರೆ’ ಎಂಬಲ್ಲಿ ಗುರುತು ಹಾಕಿ ವಿವರ ತುಂಬಿದ್ದರು: ಗಂಡು, ಒಂದು, ವಯಸ್ಸು ಇಪ್ಪತ್ತೆಂಟು, ವಾಸ ಮರದ ಕೆಳಗೇ, ಚಟುವಟಿಕೆ ನಸುಕಿನಲ್ಲಿ. ಜೀವಿಯ ಫೋಟೋ ಕಡ್ಡಾಯವಾದ್ದರಿಂದ ಅದನ್ನೂ ಲಗತ್ತಿಸಿದ್ದರು.

ಸಂಜೆ ಅದರ ಪ್ರಿಂಟು ತಂದು ಅಕ್ಷತಾಳ ಮುಂದಿಟ್ಟೆ. ಅವಳು ದೀಪದ ಬಳಿ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಇನ್ನು ಕ್ಷಮೆ ಕೇಳುತ್ತಾಳೆಂದು ನಾನು ಮುಖವನ್ನು ಉದಾರವಾಗಿ ಇಟ್ಟುಕೊಂಡೆ.

“ಫೋಟೋ ಪರವಾಗಿಲ್ಲ ಕಣ್ರೀ, ಚೆನ್ನಾಗೇ ಬಂದಿದೆ,” ಎಂದಳು. “ಒಗೆದಿರೋ ಪಂಚೆ ಉಟ್ಕೊಂಡು ಹತ್ತಬಾರದಿತ್ತಾ?”